ಸುರಕ್ಷಿತ ದೂರಪ್ರವೇಶ ತಂತ್ರಾಂಶ

ಬೇರೆಲ್ಲೋ ಇರುವ ಕಂಪ್ಯೂಟರಿಗೆ ಜಾಲದ ಮೂಲಕ ಲಾಗಿನ್ ಆಗಿ ಅದರ ಎದುರಿಗೇ ಕೂತಂತೆ ಕೆಲಸ ಮಾಡಲು ನೆರವಾಗುವ ತಂತ್ರಾಂಶ. ಟೈಪಿಸಿದ್ದೆಲ್ಲ ಗೂಢಲಿಪಿಯಾಗಿ ಹೋಗುವುದರಿಂದ ದಾರಿಯಲ್ಲಿ ಕದ್ದು ನೋಡಿದವರಿಗೆ ಏನೂ ತಿಳಿಯದು. ಎಸ್‌ಎಸ್‌ಎಚ್ ಎಂಬ ಪ್ರೋಟೊಕಾಲ್ ಇದರ ಬುನಾದಿ. ಹೆಚ್ಚು ಬಳಕೆಯಲ್ಲಿರುವ ಓಪನ್‌ಎಸ್‌ಎಸ್‌ಎಚ್ ಮತ್ತು ಪುಟ್ಟಿ ಎರಡೂ ಪುಕ್ಕಟೆ ಸಿಗುತ್ತವೆ, ಸೋರ್ಸ್ ಕೋಡ್ ಕೂಡ ಜೊತೆಗೇ ಸಿಗುತ್ತದೆ. ಪುಕ್ಕಟೆ ಎಂಬುದಕ್ಕಿಂತ ಈ ಎರಡನೆಯದೇ ಮುಖ್ಯ.

ಕರ್ನಾಟಕದಲ್ಲಿ ದೂರಪ್ರವೇಶ ಎಸ್‌ಎಸ್‌ಎಚ್‌ಗಿಂತ ಹಳೆಯದು. 1986ರಲ್ಲಿ ಶುರುವಾದ, ಶಿಕ್ಷಣ ಮತ್ತು ಸಂಶೋಧನೆಯ ಅರ್ನೆಟ್ ಜಾಲದ ಮೊದಲ ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. 1985ರಲ್ಲಿ ಬೆಂಗಳೂರಿಗೆ ಬಂದ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಅಮೆರಿಕದ ಕಚೇರಿಯೊಂದಿಗೆ ಉಪಗ್ರಹದ ಮೂಲಕ ಕೊಂಡಿ ಹಾಕಿಕೊಂಡಿತು. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಜನಸಾಮಾನ್ಯರಿಗೆ ಇಂಟರ್ನೆಟ್ ತೆರೆದಾಗ ಡಯಲ್-ಅಪ್ ವೇಗ ಸೆಕೆಂಡಿಗೆ 9.6 ಕಿಲೋಬಿಟ್. ಆಗಿನ ಶೆಲ್ ಅಕೌಂಟ್ ಎಂದರೆ ಮನೆಯಿಂದ ಫೋನ್ ಮಾಡಿ ವಿಎಸ್‌ಎನ್‌ಎಲ್‌ನ ಕಂಪ್ಯೂಟರಿಗೇ ಲಾಗಿನ್ ಆಗಿ, ಬರೀ ಅಕ್ಷರಗಳ ಪರದೆಯಲ್ಲಿ ಮೇಲ್ ಓದುವುದು. ಅಲ್ಲಿಂದ ಮುಂದಕ್ಕೆ ಬೇರೆ ಕಂಪ್ಯೂಟರಿಗೆ ಹೋಗಬೇಕಾದರೆ ಟೆಲ್‌ನೆಟ್. ಟೆಲ್‌ನೆಟ್‌ನಲ್ಲಿ ಪಾಸ್‌ವರ್ಡ್ ಟೈಪಿಸಿದ ಹಾಗೆಯೇ, ಯಾವ ಮರೆಯೂ ಇಲ್ಲದೆ ಸಾಗುತ್ತಿತ್ತು.

ಅದೇ ವರ್ಷ ಫಿನ್‌ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಹೀಗೆ ಪಾಸ್‌ವರ್ಡ್ ಕದ್ದರು. ಅಲ್ಲಿನ ಸಂಶೋಧಕ ತಾತು ಇಲೊನೆನ್ ಎಸ್‌ಎಸ್‌ಎಚ್ ಬರೆದು ಜುಲೈನಲ್ಲಿ ಪುಕ್ಕಟೆಯಾಗಿ ಬಿಡುಗಡೆ ಮಾಡಿದರು. ಫೈಲ್ ಸಾಗಿಸುವ ಎಫ್‌ಟಿಪಿಯ ಪೋರ್ಟ್ ಸಂಖ್ಯೆ 21, ಟೆಲ್‌ನೆಟ್‌ನದು 23. ನಡುವೆ ಖಾಲಿಯಿದ್ದ 22ನೇ ಪೋರ್ಟನ್ನು ಕೇಳಿ ಪಡೆದರು. ಡಿಸೆಂಬರಿನಲ್ಲಿ ಅವರು ಕಂಪನಿ ಕಟ್ಟಿದ ಮೇಲೆ ಹೊಸ ಆವೃತ್ತಿಗಳ ಪರವಾನಗಿ ಬಿಗಿಯಾಗುತ್ತಾ ಹೋಯಿತು. ಮುಕ್ತ ಪರವಾನಗಿಯಿದ್ದ ಹಳೆಯ ಆವೃತ್ತಿಯೊಂದನ್ನು ಬ್ಯೋರ್ನ್ ಗ್ರೊನ್‌ವಾಲ್ ಮತ್ತೆ ಕೈಗೆತ್ತಿಕೊಂಡರು. ಅದರ ಮೇಲೆ ಓಪನ್‌ಬಿಎಸ್‌ಡಿ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯ ತಂಡ ಕಟ್ಟಿದ್ದೇ ಓಪನ್‌ಎಸ್‌ಎಸ್‌ಎಚ್. 1999ರ ಡಿಸೆಂಬರಿನಲ್ಲಿ ಓಪನ್‌ಬಿಎಸ್‌ಡಿ 2.6ರ ಜೊತೆ ಅದು ಹೊರಬಂತು. ಗೂಢಲಿಪಿಯ ತಂತ್ರಾಂಶವನ್ನು ಅಮೆರಿಕ ಬಹುಕಾಲ ಯುದ್ಧಸಾಮಗ್ರಿಯ ಪಟ್ಟಿಯಲ್ಲಿಟ್ಟು ಅದರ ರಫ್ತಿಗೆ ಕಡಿವಾಣ ಹಾಕಿತ್ತು. ಈ ತಂಡದ ನೆಲೆ ಕೆನಡಾದಲ್ಲಿದ್ದದ್ದು ಆ ತೊಡಕನ್ನು ತಪ್ಪಿಸಿತು. ಭಾರತದಲ್ಲಿ ಇಂಟರ್ನೆಟ್ ಸೇವೆ ಕೊಡುವ ಕಂಪನಿಗಳ (ಐಎಸ್‌ಪಿ) ಪರವಾನಗಿಯಲ್ಲೂ ಅನುಮತಿಯಿಲ್ಲದೆ 40 ಬಿಟ್‌ಗಿಂತ ಬಲವಾದ ಗೂಢಲಿಪಿ ಬಳಸಕೂಡದೆಂಬ ಷರತ್ತಿತ್ತು. ಎಸ್‌ಎಸ್‌ಎಚ್‌ನ ಕೀಲಿಗಳು ಅದಕ್ಕಿಂತ ಎಷ್ಟೋ ಉದ್ದ. ಕಾಗದದಲ್ಲಿ ಒಂದು, ಕಚೇರಿಗಳಲ್ಲಿ ಇನ್ನೊಂದು ಎಂಬಂತಾಯಿತು.

ವಿಂಡೋಸ್ ಬಳಸುವವರಿಗೆ ದಾರಿ ತೆರೆದದ್ದು ಇಂಗ್ಲೆಂಡಿನ ಸೈಮನ್ ಟೇಥಮ್ ಬರೆದ ಪುಟ್ಟಿ. ಟೆಲ್‌ನೆಟ್‌ಗೆಂದು ಹೊರಟ ಈ ಪ್ರೋಗ್ರಾಮಿಗೆ ಎಸ್‌ಎಸ್‌ಎಚ್ ಆಮೇಲೆ ಸೇರಿತು; 1999ರ ಜನವರಿಯಲ್ಲಿ ಸಾರ್ವಜನಿಕವಾಗಿ ಬಿಡುಗಡೆಯಾಯಿತು. ಪರವಾನಗಿ ಎಂಐಟಿಯದು: ಯಾರು ಬೇಕಾದರೂ ತಿದ್ದಬಹುದು, ಹಂಚಬಹುದು. ಇನ್‌ಸ್ಟಾಲ್ ಮಾಡುವ ರಗಳೆಯೂ ಇಲ್ಲ. ಇರುವುದು ಒಂದೇ ಫೈಲು, ಅದೂ ಆಗ ಫ್ಲಾಪಿಯಲ್ಲಿ ಹಿಡಿಯುವಷ್ಟು ಚಿಕ್ಕದು. 9.6 ಕಿಲೋಬಿಟ್ ವೇಗದಲ್ಲಿ 1 ಎಂಬಿ ಇಳಿಯಲು ಹೆಚ್ಚುಕಡಿಮೆ ಕಾಲು ಗಂಟೆ ಬೇಕು ಎಂಬುದನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ. ದೊಡ್ಡ ತಂತ್ರಾಂಶಗಳು ಡೌನ್‌ಲೋಡ್ ಆಗಿ ಬರುವ ಬದಲು ಸಿಡಿಯಲ್ಲಿ ಬಂದವು. 1996ರಿಂದ ಪಿಸಿಕ್ವೆಸ್ಟ್ ಪತ್ರಿಕೆ ಲಿನಕ್ಸ್ ಸಿಡಿ ಹಂಚಿತು. ಅದರ ಹಿಂದಿದ್ದ ಬೆಂಗಳೂರಿನ ಅತುಲ್ ಚಿಟ್ನಿಸ್ 2001ರಿಂದ ‘ಲಿನಕ್ಸ್ ಬೆಂಗಳೂರು’ ಸಮ್ಮೇಳನಗಳಿಗೂ ಮುಂದಾಳಾಗಿದ್ದರು. 2005ರಲ್ಲಿ ಆ ಸಮ್ಮೇಳನ ಫಾಸ್.ಇನ್ ಆಯಿತು.

ಪುಕ್ಕಟೆಗೂ ಮುಕ್ತಕ್ಕೂ ಇರುವ ಅಂತರ ಕನ್ನಡಿಗರಿಗೆ ಮನೆಯ ಉದಾಹರಣೆಯಿಂದಲೇ ಗೊತ್ತಾಗಬೇಕು. 1998ರಲ್ಲಿ ಶೇಷಾದ್ರಿವಾಸು ಹೊರತಂದ ‘ಬರಹ’ವನ್ನು ಜನ ಕಾಸಿಲ್ಲದೆ ಇಳಿಸಿಕೊಂಡು ಬಳಸಿದರು, ಕನ್ನಡಕ್ಕೆ ಅದು ಮಾಡಿದ ಉಪಕಾರ ಸಣ್ಣದಲ್ಲ. ಸೋರ್ಸ್ ಕೋಡ್ ಮಾತ್ರ ಕೈಗೆ ಸಿಗಲಿಲ್ಲ. ಅಕ್ಷರ ಮೂಡಿಸುವ ತಂತ್ರಾಂಶದಲ್ಲಿ ಅದು ನಡೆದೀತು. ಇಡೀ ಸರ್ವರಿನ ಪಾಸ್‌ವರ್ಡ್ ಒಪ್ಪಿಸುವ ತಂತ್ರಾಂಶದೊಳಗೆ ಏನಿದೆಯೆಂದು ನೋಡಲಾಗದಿದ್ದರೆ ನಂಬುವುದು ಹೇಗೆ?

ಇಂದು ವಿಜ್ಞಾನ ಸಂಸ್ಥೆಯ ‘ಪರಮ್ ಪ್ರವೇಗ’ ಸೂಪರ್‌ಕಂಪ್ಯೂಟರನ್ನು ಬಳಸುವವರು ಯಂತ್ರದ ಹತ್ತಿರ ಹೋಗುವುದಿಲ್ಲ, ಎಸ್‌ಎಸ್‌ಎಚ್‌ನಲ್ಲಿ ಒಳಹೊಗುತ್ತಾರೆ. 2020ರ ಲಾಕ್‌ಡೌನಿನಲ್ಲಿ ಬೆಂಗಳೂರಿನ ಕೆಲಸ ಹಳ್ಳಿಗಳಿಗೆ ಬಂದಾಗ ಚನ್ನಗಿರಿ ಸೀಮೆಯ ನಲ್ಲೂರಿನಂಥ ಊರಿಗೂ ಎಸ್‌ಎಸ್‌ಎಚ್‌ನ ಕಪ್ಪು ಕಿಟಕಿಯೇ ಸಾಕಿತ್ತು. ಬರೀ ಅಕ್ಷರ ಸಾಗುವುದರಿಂದ ಮೊಬೈಲಿನ ಕುಂಟು ನೆಟ್‌ವರ್ಕಿನಲ್ಲೂ ಕೆಲಸ ಸಾಗುತ್ತದೆ. ಸಿಗ್ನಲ್ ಪೂರ್ತಿ ಹೋದರೆ ಮಾತ್ರ ಸೆಷನ್ ಕಡಿದು, ಅರ್ಧಕ್ಕೆ ಬಂದ ಕೆಲಸ ನಿಲ್ಲುತ್ತದೆ. ಅದಕ್ಕೇ, ಸಂಪರ್ಕ ಕಡಿದರೂ ಸರ್ವರಿನಲ್ಲಿ ಕೆಲಸ ನಡೆಸುತ್ತಲೇ ಇರುವ ‘ಸ್ಕ್ರೀನ್’, ‘ಟಿಮಕ್ಸ್’ ತಂತ್ರಾಂಶಗಳ ಒಳಗೆ ಕೆಲಸ ಹಚ್ಚಿಡುವ ರೂಢಿ.

ಹೊಸ ಸರ್ವರಿಗೆ ಮೊದಲ ಸಲ ಹೋದಾಗ ಪುಟ್ಟಿ ಆ ಸರ್ವರಿನ ಗುರುತಾದ ಬೆರಳಚ್ಚೊಂದನ್ನು ತೋರಿಸಿ, ಈ ಯಂತ್ರವನ್ನು ನಂಬಲೇ ಎಂದು ಕೇಳುತ್ತದೆ. ಬಹುಪಾಲು ಜನ ಓದದೆಯೇ ಒಪ್ಪಿಗೆ ಒತ್ತುತ್ತಾರೆ. ತಂತ್ರಾಂಶ ಇಳಿಸಿಕೊಳ್ಳುವಾಗಲೂ ಇದೇ ಉಡಾಫೆ. 2015ರಲ್ಲಿ ಸಿಮ್ಯಾಂಟೆಕ್ ಬಯಲು ಮಾಡಿದ ನಕಲಿ ಪುಟ್ಟಿ, ಮುಕ್ತ ಕೋಡನ್ನೇ ತಿದ್ದಿ ಲಾಗಿನ್ ವಿವರ ಕದಿಯುವಂತೆ ಕಟ್ಟಿದ್ದು. ಹುಡುಕಾಟದಿಂದ ಸಿಕ್ಕ ಬೇರೆ ತಾಣಗಳಿಂದ ಜನ ಅದನ್ನು ಇಳಿಸಿಕೊಂಡಿದ್ದರು. ಅಸಲಿ ತಾಣದಲ್ಲಿ ಪ್ರತಿ ಫೈಲಿನ ಪಕ್ಕದಲ್ಲೇ ಡಿಜಿಟಲ್ ಸಹಿ ಇರುತ್ತದೆ, ತಾಳೆ ನೋಡುವವರು ಕಡಿಮೆ.

ಕೋಡ್ ತೆರೆದಿದ್ದರೂ ತಪ್ಪು ಬೇಗ ಕಣ್ಣಿಗೆ ಬೀಳುತ್ತದೆಂಬ ಭರವಸೆಯಿಲ್ಲ. ಪುಟ್ಟಿಯ 0.68ರಿಂದ 0.80ರವರೆಗಿನ ಆವೃತ್ತಿಗಳಲ್ಲಿ, ಪಾಸ್‌ವರ್ಡಿನ ಬದಲು ಬಳಸುವ ಪಿ-521 ಬಗೆಯ ಕೀಲಿಯಿಂದ ಸಹಿ ಮಾಡುವಾಗ ಆರಿಸಬೇಕಾದ ಯಾದೃಚ್ಛಿಕ ಸಂಖ್ಯೆಯ ಮೊದಲ 9 ಬಿಟ್‌ಗಳು ಯಾವಾಗಲೂ ಸೊನ್ನೆಯಾಗಿದ್ದವು. ಜರ್ಮನಿಯ ಬೋಖುಮ್ ವಿಶ್ವವಿದ್ಯಾಲಯದ ಫೇಬಿಯನ್ ಬೊಯ್ಮರ್, ಮಾರ್ಕುಸ್ ಬ್ರಿಂಕ್‌ಮನ್ ಇದನ್ನು ಪತ್ತೆ ಹಚ್ಚಿದರು. ಸುಮಾರು 60 ಸಹಿ ಸಿಕ್ಕರೆ ಗುಟ್ಟಿನ ಕೀಲಿಯನ್ನೇ ಲೆಕ್ಕ ಹಾಕಿ ತೆಗೆಯಬಹುದಿತ್ತು. 2024ರ ಏಪ್ರಿಲಿನಲ್ಲಿ ಬಂದ 0.81 ಆವೃತ್ತಿ ಇದನ್ನು ಸರಿಪಡಿಸಿತು. ಆದರೆ ಹೊಸ ಆವೃತ್ತಿ ಹಾಕಿಕೊಂಡರಷ್ಟೇ ಸಾಲದು: ಅಂಥ ಹಳೆಯ ಕೀಲಿಯನ್ನು ಸರ್ವರುಗಳಿಂದ ಕಿತ್ತು ಹಾಕಿ ಹೊಸದನ್ನು ಮಾಡಿಸಿಕೊಳ್ಳಬೇಕು.