ಮೀಯುವ ಕಡಲು, ಅಂಜುವ ಕಡಲು

ಪೆರ್ಡೂರಿನಿಂದ ಕಡಲಿಗೆ ಹೊರಟವರು ಉಡುಪಿಯನ್ನು ದಾಟಬೇಕು. ಎಲ್ಲಿ ಮೀಯುವುದೆಂದು ಕೇಳಿದರೆ ನಾನು ಮಲ್ಪೆಯ ವಡಭಾಂಡೇಶ್ವರವನ್ನೇ ಹೇಳುತ್ತೇನೆ. ಅಲ್ಲಿನ ಸ್ನಾನ ಇಂದಿನ ಹವ್ಯಾಸವಲ್ಲ. ಹದಿಮೂರನೆಯ ಶತಮಾನದಲ್ಲಿ ಮಧ್ವಾಚಾರ್ಯರು ಸಮುದ್ರಸ್ನಾನಕ್ಕೆ ಬಂದಿದ್ದಾಗ ಅಪಾಯಕ್ಕೆ ಸಿಕ್ಕಿದ ಹಡಗೊಂದನ್ನು ಉಳಿಸಿದರೆಂದೂ, ಅದರಲ್ಲಿದ್ದ ಗೋಪೀಚಂದನದ ಗಡ್ಡೆಗಳಿಂದ ಉಡುಪಿಯ ಕೃಷ್ಣನೂ ಇಲ್ಲಿನ ಬಲರಾಮನೂ ದೊರೆತರೆಂದೂ ಐತಿಹ್ಯ. ಅಮಾವಾಸ್ಯೆಯ ಸ್ನಾನಕ್ಕೆ ಜನ ಈಗಲೂ ಬರುತ್ತಾರೆ.

ಐತಿಹ್ಯ ಹಾಗಿರಲಿ, ಈ ಕರಾವಳಿಗೆ ಹಡಗುಗಳು ಅಂಜುತ್ತಿದ್ದುದಕ್ಕೆ ಸಾಕ್ಷಿ ಕಾಪುವಿನಲ್ಲಿದೆ: ಬಂಡೆಯ ಮೇಲೆ 1901ರಲ್ಲಿ ಎದ್ದುನಿಂತ ದೀಪಸ್ತಂಭ. ಅದರ ಬುಡದಲ್ಲೇ ಈಜಲಿಳಿಯುವ ಹುಡುಗರನ್ನು ಕಂಡಾಗ ನನ್ನ ಎದೆ ನಡುಗುತ್ತದೆ. ಹಡಗಿಗೇ ದಾರಿ ಬಿಡದ ಬಂಡೆ ಮನುಷ್ಯನ ಮೈಗೆ ಕರುಣೆ ತೋರೀತೆ? ಕಾಪುವಿನಲ್ಲಿ ದೀಪಸ್ತಂಭವನ್ನು ನೋಡಿ. ನೀರಿಗಿಳಿಯುವುದು ಮಲ್ಪೆಯಲ್ಲಿರಲಿ, ಅದೂ ಮಳೆಗಾಲ ಕಳೆದ ಮೇಲೆ.