ಭಾರಶ್ರಮದಿಂದ ಶಾಂತಲೆಯವರೆಗೆ

ಚನ್ನಗಿರಿಯಿಂದ ಮೂಡಣಕ್ಕೆ ಹೊರಟವರಿಗೆ ದುಮ್ಮೆಯ ಗುಡ್ಡ ಸಿಗುತ್ತದೆ. ಜಗಳೂರಿನಿಂದ ಪಡುವಣಕ್ಕೆ ಹೊರಟವರಿಗೆ ಉಚ್ಚಂಗಿಯ ದುರ್ಗ ಕಾಣುತ್ತದೆ. ಈ ಸೀಮೆಯನ್ನು ಒಳಗೊಂಡ ನಾಡಿಗೆ 12ನೇ ಶತಮಾನದಲ್ಲಿ ನೊಳಂಬವಾಡಿ ಮೂವತ್ತೆರಡು ಸಾಸಿರ ಎಂದು ಹೆಸರು. ಉಚ್ಚಂಗಿಯ ಕೋಟೆಯಲ್ಲಿದ್ದ ಪಾಂಡ್ಯರು ಕಲ್ಯಾಣದ ಚಾಲುಕ್ಯರ ಸಾಮಂತರಾಗಿ ಅದನ್ನು ಆಳುತ್ತಿದ್ದರು. ದೋರಸಮುದ್ರದಿಂದ ದಂಡೆತ್ತಿ ಬಂದ ಹೊಯ್ಸಳ ವಿಷ್ಣುವರ್ಧನ ದುಮ್ಮೆಯ ಬಳಿ ಪಾಂಡ್ಯನ ಸೇನೆಯನ್ನು ಮುರಿದ. ನೊಳಂಬವಾಡಿಗೊಂಡ ಎಂಬ ಬಿರುದು ಧರಿಸಿದ.

ಅದು ತೋಳ್ಬಲವೇ ರಾಜ್ಯದ ಅಳತೆಯಾಗಿದ್ದ ಕಾಲ. ವಿಷ್ಣುವರ್ಧನನ ಸಮಕಾಲೀನನಾಗಿ ಕಲ್ಯಾಣದ ಗದ್ದುಗೆಯ ಮೇಲಿದ್ದ ಮೂರನೆಯ ಸೋಮೇಶ್ವರ ಆ ತೋಳ್ಬಲಕ್ಕೂ ಒಂದು ಶಾಸ್ತ್ರ ಬೇಕೆಂದು ಬಗೆದ. 1129ರ ಸುಮಾರಿಗೆ ಮುಗಿದ ಅವನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ನೂರು ಅಧ್ಯಾಯಗಳಿವೆ. ಅಡುಗೆ, ಆನೆ, ಸಂಗೀತ, ಚಿತ್ರಕಲೆಗಳ ಜೊತೆಗೆ ಮಲ್ಲವಿನೋದಕ್ಕೂ ಅಲ್ಲಿ ಮಣೆ ಹಾಕಲಾಗಿದೆ. ಮಲ್ಲರನ್ನು ಹೇಗೆ ವಿಂಗಡಿಸಬೇಕು, ಅವರಿಗೆ ಏನು ಉಣಿಸಬೇಕು, ಯಾವ ಸಾಧನೆ ಮಾಡಿಸಬೇಕು ಎಂಬುದನ್ನೆಲ್ಲ ಅರಸ ಬರೆದಿಟ್ಟಿದ್ದಾನೆ. ನೀರಿನಲ್ಲಿ ಮಾಡುವುದು ಸಲಿಲಶ್ರಮ, ಕಂಬವನ್ನು ಹಿಡಿದು ಮಾಡುವುದು ಸ್ತಂಭಶ್ರಮ, ತೂಕದಿಂದ ಮೈ ಹದಗೊಳಿಸುವುದು ಭಾರಶ್ರಮ. ಇಂದು ವೇಟ್‌ಲಿಫ್ಟಿಂಗ್ ಎಂದು ನಾವು ಕರೆಯುವ ವಿದ್ಯೆಗೆ ಹೋಲುವ ಸಾಧನೆಯೊಂದು ಈ ಕನ್ನಡ ನೆಲದ ಅರಸನ ಪುಟಗಳಲ್ಲಿ ಹೀಗೆ ಸಿಗುತ್ತದೆ. 1131ರಲ್ಲಿ, ಆ ಗ್ರಂಥದ ಮಸಿ ಇನ್ನೂ ಹಸಿಯಿರುವಾಗ ಎನ್ನಬಹುದು, ವಿಷ್ಣುವರ್ಧನನ ಪಟ್ಟದ ರಾಣಿ ಶಾಂತಲೆ ಶಿವಗಂಗೆಯಲ್ಲಿ ತೀರಿಕೊಂಡಳು.

ರಾಜ್ಯಗಳು ಅಳಿದವು, ಪಾಳೆಯಗಾರರು ಬಂದು ಹೋದರು. ಮಲ್ಲವಿದ್ಯೆ ಅರಮನೆಯ ಅಂಗಳ ದಾಟಿ ಊರಿನ ಗರಡಿಮನೆಗೆ ಇಳಿಯಿತು. ತುಂಗಭದ್ರೆಯ ದಡದ ಹೊನ್ನಾಳಿ, ಅದರ ನೆರೆಯ ನ್ಯಾಮತಿ, ಬಯಲುಸೀಮೆಯ ಜಗಳೂರು, ಮಲೆನಾಡಿನ ಅಂಚಿನ ಚನ್ನಗಿರಿ ಸೇರಿದ ಈ ಇಡೀ ಪ್ರಾಂತದಲ್ಲಿ ಕುಸ್ತಿ ಎಂದರೆ ಇಂದಿಗೂ ಜನ ಕಿವಿಗೊಡುತ್ತಾರೆ. ಗರಡಿಯಲ್ಲಿ ಹನುಮಂತನಿಗೆ ಕೈಮುಗಿದು, ಮಟ್ಟಿಯ ಮಣ್ಣನ್ನು ಹಣೆಗೆ ಮುಟ್ಟಿಸಿ, ದಂಡ ಹೊಡೆದು, ಬಸ್ಕಿ ತೆಗೆದು, ಕರ್ಲ ತಿರುಗಿಸುವುದು ವಾಡಿಕೆ. ಉಸ್ತಾದನ ಕಣ್ಣೇ ಅಲ್ಲಿ ಪುಸ್ತಕ. ಅವನು ಕಣ್ಣು ಮುಚ್ಚಿದರೆ ಅರ್ಧ ವಿದ್ಯೆ ಅವನೊಂದಿಗೇ ಮಣ್ಣಾಗುತ್ತಿತ್ತು.

ಆ ವಿದ್ಯೆಯನ್ನು ಮತ್ತೆ ಅಕ್ಷರಕ್ಕೆ ತಂದ ಮಹನೀಯ ಕೋಲಾರ ಸೀಮೆಯಲ್ಲಿ ಹುಟ್ಟಿದ ಕೋಲಾರದ ವೆಂಕಟೇಶ ಅಯ್ಯರ್. ನಾಡು ಅವರನ್ನು ಪ್ರೊಫೆಸರ್ ಕೆ.ವಿ. ಅಯ್ಯರ್ ಎಂದು ಕರೆಯಿತು. ಪಡುವಣದ ದೇಹದಾರ್ಢ್ಯಪಟು ಯುಜೀನ್ ಸ್ಯಾಂಡೋ 20ನೇ ಶತಮಾನದ ಆರಂಭದಲ್ಲಿ ಭಾರತಕ್ಕೆ ಬಂದು ತನ್ನ ಬಲವನ್ನು ಮೆರೆಸಿ ಹೋದ ಮೇಲೆ, ಕಬ್ಬಿಣದ ಬಾರ್‌ಬೆಲ್ ಈ ದೇಶದ ತರುಣರ ಕನಸಿಗೆ ಹೊಕ್ಕಿತ್ತು. ಅಯ್ಯರ್ ಆ ಕಬ್ಬಿಣವನ್ನು ಒಲಿಸಿಕೊಂಡರು. ಶಿಲ್ಪಿ ಕಡೆದಂತಿದ್ದ ಅವರ ಮೈಕಟ್ಟಿನ ಚಿತ್ರಗಳು ನಾಡಿನಾಚೆಗೂ ಹೋದವು. ಬೆಂಗಳೂರಿನಲ್ಲಿ ಅವರು ಹರ್ಕ್ಯುಲಿಸ್ ಜಿಮ್ನಾಸಿಯಂ ತೆರೆದರು.

ಕೀರ್ತಿಗೆ ಅಷ್ಟು ಸಾಕಾಗಿತ್ತು. ಅಯ್ಯರ್ ಅವರ ದೊಡ್ಡತನ ಅಲ್ಲಿಂದ ಮುಂದೆ ತೊಡಗುತ್ತದೆ. ಪಡುವಣದ ಕಬ್ಬಿಣ ಬೇಕು, ನಮ್ಮ ಆಸನವೂ ಬೇಕು ಎಂದರು ಅವರು. ಬಾರ್‌ಬೆಲ್ ಸ್ನಾಯುವನ್ನು ಬೆಳೆಸಿದರೆ ಹಠಯೋಗವೂ ಸೂರ್ಯನಮಸ್ಕಾರವೂ ಒಳಗಿನ ಅಂಗಗಳನ್ನು ಕಾಯುತ್ತವೆ ಎಂಬುದು ಅವರ ಪಾಠದ ತಿರುಳು. 1930ರಲ್ಲಿ ‘ಮಸಲ್ ಕಲ್ಟ್’, 1936ರಲ್ಲಿ ‘ಪರ್ಫೆಕ್ಟ್ ಫಿಸೀಕ್’, 1937ರಲ್ಲಿ ‘ಸೂರ್ಯ ನಮಸ್ಕಾರ್’ ಎಂಬ ಇಂಗ್ಲಿಷ್ ಪುಸ್ತಕಗಳು ಅವರಿಂದ ಬಂದವು. ಅವರ ಒಡನಾಡಿ ಸುಂದರಂ ಅದಕ್ಕೂ ಮೊದಲೇ ಯೋಗಾಸನಗಳ ಬಗ್ಗೆ ಪುಸ್ತಕ ಹೊರತಂದಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರ ಆರೋಗ್ಯ ಕೆಟ್ಟಾಗ ಅರಮನೆ ಅಯ್ಯರ್ ಅವರನ್ನು ಕರೆಸಿಕೊಂಡಿತು. ಅರಸರ ವಿಶ್ವಾಸವೂ ಆಶ್ರಯವೂ ಅವರ ವ್ಯಾಯಾಮಶಾಲೆಗೆ ದೊರೆತವು.

ಇದಕ್ಕಿಂತ ಮಿಗಿಲಾದ ಒಂದು ಕೆಲಸವನ್ನು ಅವರು ಸದ್ದಿಲ್ಲದೆ ಮಾಡಿದರು: ಅಂಚೆಯ ಮೂಲಕ ವ್ಯಾಯಾಮ ಕಲಿಸಿದರು. ಗರಡಿಯ ಗುರುವನ್ನು ಕಾಣಬೇಕಾದರೆ ಅವನ ಊರಿಗೇ ನಡೆಯಬೇಕಿದ್ದ ನಾಡಿನಲ್ಲಿ, ಗುರುವೇ ಲಕೋಟೆಯೊಳಗೆ ಕುಳಿತು ಶಿಷ್ಯನ ಬಾಗಿಲಿಗೆ ಬಂದ. ಅಂಚೆಪೇದೆ ನಡೆಯುವ ಯಾವ ಊರೂ ಇನ್ನು ಆ ವಿದ್ಯೆಗೆ ದೂರವಾಗಿರಲಿಲ್ಲ. ಸೋಮೇಶ್ವರನ ಮಲ್ಲರು ಒಬ್ಬ ಅರಸನ ವಿನೋದಕ್ಕಾಗಿ ಭಾರ ಹೊತ್ತಿದ್ದರು. ಅಯ್ಯರ್ ಅವರ ಶಿಷ್ಯ ತನ್ನ ಮನೆಯ ಮೂಲೆಯಲ್ಲಿ ತನ್ನ ಆರೋಗ್ಯಕ್ಕಾಗಿಯೇ ಹೊತ್ತ. ಎಂಟುನೂರು ವರ್ಷಗಳಲ್ಲಿ ಭಾರಶ್ರಮ ಕಂಡ ಅತಿ ದೊಡ್ಡ ಬದಲಾವಣೆ ಇದೇ ಎಂದು ನಾನು ತಿಳಿಯುತ್ತೇನೆ.

ವ್ಯಾಯಾಮಶಾಲೆಗೆ ಸರಸ್ವತಿಯೂ ಬಂದಳು. ಕನ್ನಡ ರಂಗಭೂಮಿಗೆ ಹೊಸ ಮಾತು ಕೊಟ್ಟ ಟಿ.ಪಿ. ಕೈಲಾಸಂ ಅಯ್ಯರ್ ಅವರ ಆಪ್ತರು. ಕೈಲಾಸಂ ಅವರ ನಾಟಕಗಳನ್ನು ಆಡಲು ರವಿ ಕಲಾವಿದರು ಎಂಬ ತಂಡ ಅಯ್ಯರ್ ಅವರ ಬೆನ್ನಾಸರೆಯಲ್ಲಿ ನಿಂತಿತು. 1946ರಲ್ಲಿ ಕೈಲಾಸಂ ತೀರಿಕೊಂಡ ಮೇಲೆ ಅಯ್ಯರ್ ಆ ಗೆಳೆಯನ ನೆನಪುಗಳನ್ನೂ ಪುಸ್ತಕವಾಗಿಸಿದರು. ಇಟಲಿಯ ಕಲಾವಿದನೊಬ್ಬನ ಕಥೆಯನ್ನು ‘ರೂಪದರ್ಶಿ’ಯಲ್ಲಿ ಹೇಳಿದರು. ‘ಶಾಂತಲಾ’ ಕಾದಂಬರಿಯಲ್ಲಿ ಹೊಯ್ಸಳರ ಕಾಲಕ್ಕೆ ಹೋದರು. ಭಾರಶ್ರಮದ ಪಾಠ ಗ್ರಂಥಕ್ಕೇರಿದ ಕಾಲದ ರಾಣಿಗೆ, ಭಾರಶ್ರಮವನ್ನೇ ಬಾಳಾಗಿಸಿಕೊಂಡವರೊಬ್ಬರು ಕನ್ನಡದಲ್ಲಿ ಮರುಹುಟ್ಟು ಕೊಟ್ಟರು. ಕಬ್ಬಿಣ ಹಿಡಿದ ಕೈಗೆ ಹೆಣ್ಣೊಬ್ಬಳ ಅಂತರಂಗದ ನವಿರನ್ನು ಹಿಡಿಯುವ ಹದವೂ ಇತ್ತು.

ಎತ್ತಿದ ತೂಕದ ಕೀರ್ತಿ ಎಷ್ಟು ದಿನದ್ದು ಎಂಬುದಕ್ಕೆ ಒಂದು ನಿದರ್ಶನವಿದೆ. 1972ರಲ್ಲಿ, ಅಯ್ಯರ್ ಇನ್ನೂ ಬದುಕಿದ್ದಾಗಲೇ, ಮ್ಯೂನಿಕ್ ಒಲಿಂಪಿಕ್ಸ್‌ಗೆ ಅಲ್ಬೇನಿಯಾ ಎಂಬ ಪುಟ್ಟ ದೇಶ ಮೊದಲ ಸಲ ಬಂತು. ಅದರ ಯಮೆರ್ ಪಂಪುರಿ ವೇಟ್‌ಲಿಫ್ಟಿಂಗ್‌ನ 60 ಕಿಲೋ ವರ್ಗದಲ್ಲಿ ಎದೆಯ ಮಟ್ಟದಿಂದ ತಲೆಯ ಮೇಲಕ್ಕೆ ಒತ್ತಿ ಎತ್ತುವ ಪ್ರೆಸ್‌ನಲ್ಲಿ 127.5 ಕಿಲೋ ಎತ್ತಿದ. ಆ ಕೂಟ ಮುಗಿದ ಮೇಲೆ ಪ್ರೆಸ್ ಅನ್ನೇ ಸ್ಪರ್ಧೆಯಿಂದ ತೆಗೆದುಹಾಕಿದರು. ಆ ಎತ್ತುಗೆಯನ್ನು ಮೀರಿಸುವವರು ಇನ್ನಿಲ್ಲ, ಆಡುವವರೂ ಇಲ್ಲ. ಎತ್ತಿದ ಭಾರ ನೆಲಕ್ಕೆ ಇಳಿಯಲೇಬೇಕು. ಕೆಲವೊಮ್ಮೆ ಆಟವೇ ಇಳಿದುಹೋಗುತ್ತದೆ. ಆಗ ಉಳಿಯುವುದು ಇನ್ನೊಬ್ಬರಿಗೆ ಕಲಿಸಿದಷ್ಟೇ.

1980ರಲ್ಲಿ ಅಯ್ಯರ್ ಕಾಲವಾದರು. ಅವರು ಎಷ್ಟು ತೂಕ ಎತ್ತಿದ್ದರು ಎಂದು ಈಗ ಯಾರೂ ಕೇಳುವುದಿಲ್ಲ. ದುಮ್ಮೆಯಲ್ಲಿ ಕತ್ತಿ ಬೀಸಿದ ತೋಳುಗಳ ಲೆಕ್ಕವನ್ನೂ ಯಾರೂ ಇಟ್ಟಿಲ್ಲ. ಸೋಮೇಶ್ವರನ ಭಾರಶ್ರಮದ ಪಾಠ ಉಳಿದಿದೆ, ಅಯ್ಯರ್ ಅವರ ಶಾಂತಲೆ ಉಳಿದಿದ್ದಾಳೆ. ಚನ್ನಗಿರಿಯಲ್ಲೋ ಜಗಳೂರಿನಲ್ಲೋ ಬೆಳಗಿನ ಜಾವ ಗರಡಿಯ ಬಾಗಿಲು ತೆರೆಯುವ ತರುಣ ಆ ಕಾದಂಬರಿಯನ್ನೊಮ್ಮೆ ಓದಲಿ. ತನ್ನ ಊರಿನ ದಿಗಂತದಲ್ಲಿರುವ ಗುಡ್ಡಕ್ಕೂ ತನ್ನ ಕೈಯಲ್ಲಿರುವ ಕಬ್ಬಿಣಕ್ಕೂ ಇರುವ ನಂಟು ಅವನಿಗೆ ತಿಳಿದೀತು.