ಸೂತಕಕ್ಕೆ ಸಿಕ್ಕ ರಜೆ: ಅಮೆರಿಕದ ರಾಜ್ಯಗಳು ನಡೆದ ದಾರಿ

ಅಮೆರಿಕದ ಒಕ್ಕೂಟ ಸರ್ಕಾರ ಕುಟುಂಬ ಮತ್ತು ವೈದ್ಯಕೀಯ ರಜೆಯ ಕಾಯಿದೆ ತಂದದ್ದು 1993ರಲ್ಲಿ. 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ವರ್ಷವಿಡೀ ದುಡಿದವರಿಗೆ ಅದು 12 ವಾರಗಳ ಸಂಬಳವಿಲ್ಲದ ರಜೆ ಕೊಟ್ಟಿತು. ಮರಳಿದಾಗ ಕೆಲಸ ಇರುತ್ತದೆಂಬ ಭರವಸೆಯನ್ನೂ ಕೊಟ್ಟಿತು. ಹೆರಿಗೆ, ದತ್ತು, ಹತ್ತಿರದವರ ಗಂಭೀರ ಕಾಯಿಲೆ ಅದರ ಪಟ್ಟಿಯಲ್ಲಿದ್ದವು. ಸಾವು ಇರಲಿಲ್ಲ, ಇಂದಿಗೂ ಇಲ್ಲ. ಹಾಸಿಗೆ ಹಿಡಿದ ತಾಯಿಯ ಶುಶ್ರೂಷೆಗೆ ರಜೆ ಉಂಟು. ತಾಯಿ ಕಣ್ಣುಮುಚ್ಚಿದರೆ ಆ ಹಕ್ಕು ಅಲ್ಲಿಗೇ ಮುಗಿಯಿತು. ಮುಂದಿನದು ಮಾಲೀಕರ ಮರ್ಜಿ.

ಈ ಕೊರತೆಯನ್ನು ತುಂಬಲು ಮೊದಲು ಮುಂದಾದದ್ದು ಆರೆಗಾನ್. ತನ್ನ ಕುಟುಂಬ ರಜೆ ಕಾಯಿದೆಗೆ ತಿದ್ದುಪಡಿ ತಂದು, 2014ರಿಂದ 25 ನೌಕರರಿರುವ ಸಂಸ್ಥೆಗಳಲ್ಲೂ ಎರಡು ವಾರಗಳ ರಜೆಯನ್ನು ಅದು ಹಕ್ಕಾಗಿಸಿತು. ಅಂತ್ಯಕ್ರಿಯೆಗೆ, ಅದರ ಏರ್ಪಾಡಿಗೆ ಮಾತ್ರವಲ್ಲ, ದುಃಖಿಸುವುದಕ್ಕೂ ರಜೆ ಎಂದು ಕಾನೂನೇ ಹೇಳಿದ್ದು ವಿಶೇಷ.

ಇಲಿನಾಯ್ 2016ರಲ್ಲಿ ಮಗುವನ್ನು ಕಳೆದುಕೊಂಡ ಹೆತ್ತವರಿಂದ ಆರಂಭಿಸಿತು. 2023ರಲ್ಲಿ ಒಡಹುಟ್ಟಿದವರು, ಅಜ್ಜ-ಅಜ್ಜಿ, ಅತ್ತೆ-ಮಾವ ಎಲ್ಲರೂ ಅದರ ವ್ಯಾಪ್ತಿಗೆ ಬಂದರು. ಗರ್ಭಪಾತ, ಮಗು ಸತ್ತು ಹುಟ್ಟುವುದು, ಕೈತಪ್ಪಿದ ದತ್ತು ಕೂಡ ಸೇರಿದವು. ಹೊರಗಿನವರ ಕಣ್ಣಿಗೆ ಬೀಳದ ನಷ್ಟವನ್ನೂ ಶೋಕವೆಂದು ಕಾನೂನು ಒಪ್ಪಿಕೊಂಡಿತು. ಮರುವರ್ಷ, ಕೊಲೆ ಅಥವಾ ಆತ್ಮಹತ್ಯೆಯಿಂದ ಮಗುವನ್ನು ಕಳೆದುಕೊಂಡವರಿಗೆ ಸಂಸ್ಥೆಯ ಗಾತ್ರಕ್ಕೆ ತಕ್ಕಂತೆ ಆರು ಅಥವಾ 12 ವಾರಗಳ ರಜೆ ದೊರೆಯಿತು.

ಕನ್ನಡಿಗರು ದೊಡ್ಡ ಸಂಖ್ಯೆಯಲ್ಲಿ ದುಡಿಯುವ ಕ್ಯಾಲಿಫೋರ್ನಿಯ 2023ರ ಜನವರಿ 1ರಿಂದ ಐದು ದಿನಗಳ ರಜೆ ಕೊಡುತ್ತಿದೆ. ಐದೇ ನೌಕರರಿರುವ ಸಂಸ್ಥೆಗೂ ಇದು ಅನ್ವಯ; 30 ದಿನ ಕೆಲಸ ಮಾಡಿದ್ದರೆ ಸಾಕು. ತಂದೆ-ತಾಯಿ, ಮಕ್ಕಳು, ಸಂಗಾತಿ, ಒಡಹುಟ್ಟಿದವರು, ಅಜ್ಜ-ಅಜ್ಜಿ, ಮೊಮ್ಮಕ್ಕಳು, ಅತ್ತೆ-ಮಾವ ಪಟ್ಟಿಯಲ್ಲಿದ್ದಾರೆ; ಚಿಕ್ಕಪ್ಪ, ಸೋದರಮಾವ ಇಲ್ಲ. ರಜೆಯನ್ನು ಒಂದೇ ಸಲ ಹಾಕಬೇಕಿಲ್ಲ, ಮೂರು ತಿಂಗಳೊಳಗೆ ಮುಗಿಸಿದರಾಯಿತು. ಹೀಗಾಗಿ ಮಣ್ಣಿಗೆ ಬರಲಾಗದವರು ವೈಕುಂಠ ಸಮಾರಾಧನೆಗಾದರೂ ಊರು ಮುಟ್ಟಬಹುದು. ಆದರೆ ಹೋಗಿಬರುವ ಪ್ರಯಾಣವೇ ಎರಡು ಮೂರು ದಿನ ನುಂಗುವಾಗ ಹದಿಮೂರು ದಿನಗಳ ಕರ್ಮಕ್ಕೆ ಐದು ದಿನ ಎಲ್ಲಿ ಸಾಲುತ್ತದೆ? ಗರ್ಭ ನಷ್ಟವಾದವರಿಗೆ 2024ರಿಂದ ಪ್ರತ್ಯೇಕವಾಗಿ ಐದು ದಿನಗಳಿವೆ.

ಹತ್ತು ವರ್ಷಗಳಲ್ಲಿ ಕುಟುಂಬದ ವ್ಯಾಖ್ಯೆ ಹಿಗ್ಗಿತು, ನಷ್ಟದ ವ್ಯಾಖ್ಯೆಯೂ ಹಿಗ್ಗಿತು. ಹಿಗ್ಗದೆ ಉಳಿದದ್ದು ಸಂಬಳ. ಕಾಯಿಲೆಯವರನ್ನು ನೋಡಿಕೊಳ್ಳಲು 2004ರಿಂದಲೇ ಸಂಬಳದ ಒಂದು ಪಾಲನ್ನು ವಿಮಾನಿಧಿಯಿಂದ ಕೊಡುತ್ತಿರುವ ಕ್ಯಾಲಿಫೋರ್ನಿಯ, ಸಾವಿನ ರಜೆಗೆ ಆ ನಿಧಿಯನ್ನು ತೆರೆದಿಲ್ಲ. ಸಂಬಳ ಬೇಕೆಂದರೆ ಗಳಿಸಿಟ್ಟ ರಜೆಯನ್ನೇ ಕರಗಿಸಬೇಕು. ಅಪವಾದಗಳು ಚಿಕ್ಕವು: ಒಕ್ಕೂಟ ಸರ್ಕಾರ ತನ್ನ ಸ್ವಂತ ನೌಕರರಿಗೆ, ಮಗು ತೀರಿಕೊಂಡರೆ, ಎರಡು ವಾರಗಳ ಸಂಬಳಸಹಿತ ರಜೆ ಕೊಟ್ಟಿದೆ. ವಾಷಿಂಗ್ಟನ್ ರಾಜ್ಯ 2022ರಲ್ಲಿ, ಹೊಸದಾಗಿ ಹುಟ್ಟಿದ ಮಗು ಸತ್ತಾಗ ಏಳು ದಿನಗಳ ಭತ್ಯೆಗೆ ದಾರಿ ಮಾಡಿತು.

ದಿನಗೂಲಿಯವರ ಮಟ್ಟಿಗೆ ಸಂಬಳವಿಲ್ಲದ ರಜೆ ಕಾಗದದ ಮೇಲಿನ ಹಕ್ಕು. ಆರೆಗಾನ್‌ನಲ್ಲಿ ಶುರುವಾದ ಕೆಲಸ ಪೂರ್ತಿಯಾಗಬೇಕಾದರೆ ಶೋಕದ ದಿನಗಳೂ ವಿಮಾನಿಧಿಯ ವ್ಯಾಪ್ತಿಗೆ ಬರಬೇಕು.